ಉತ್ತರ ಮೊದಲು, ಲೆಕ್ಕ ಆಮೇಲೆ

1993ರ ಏಪ್ರಿಲ್‌ನಲ್ಲಿ ಲೂ ಗರ್ಸ್ಟ್‌ನರ್ ಐಬಿಎಂ ಚುಕ್ಕಾಣಿ ಹಿಡಿದಾಗ ಕಂಪನಿಯ ಕಥೆ ಮುಗಿಯಿತೆಂದೇ ಹಲವರು ಮಾತಾಡಿಕೊಳ್ಳುತ್ತಿದ್ದರು. ಹಿಂದಿನ ಒಂದೇ ವರ್ಷದಲ್ಲಿ ಸುಮಾರು 500 ಕೋಟಿ ಡಾಲರ್ ನಷ್ಟವಾಗಿತ್ತು. ಕಂಪನಿಗೆ ಅನ್ನ ಹಾಕುತ್ತಿದ್ದ ಮೇನ್‌ಫ್ರೇಮ್ ವ್ಯವಹಾರದ ಸ್ಥಿತಿಗತಿ ತಿಳಿಯಲು ಹೊಸ ಮುಖ್ಯಸ್ಥರು ಸಭೆ ಕರೆದರು. ಹಿರಿಯ ಅಧಿಕಾರಿ ನಿಕ್ ಡೊನೊಫ್ರಿಯೊ ಓವರ್‌ಹೆಡ್ ಪ್ರೊಜೆಕ್ಟರಿನ ಮೇಲೆ ಪಾರದರ್ಶಕ ಹಾಳೆ ಇಟ್ಟು ವಿವರಿಸತೊಡಗಿದರು. ಈ ಹಾಳೆಗಳಿಗೆ ಐಬಿಎಂನಲ್ಲಿ ‘ಫಾಯಿಲ್’ ಎನ್ನುತ್ತಿದ್ದರು; ಫಾಯಿಲ್ ಇಲ್ಲದೆ ಅಲ್ಲಿ ಸಭೆಯೇ ಇರಲಿಲ್ಲ. ಎರಡನೆಯ ಹಾಳೆಗೆ ಬರುವಷ್ಟರಲ್ಲಿ ಗರ್ಸ್ಟ್‌ನರ್ ಎದ್ದು ಬಂದು ಪ್ರೊಜೆಕ್ಟರ್ ಆರಿಸಿಬಿಟ್ಟರು. ನಿಮ್ಮ ವ್ಯವಹಾರದ ಬಗ್ಗೆ ಸುಮ್ಮನೆ ಕೂತು ಮಾತಾಡೋಣ ಎಂದರು. ಸುದ್ದಿ ಇಮೇಲ್‌ಗಳಲ್ಲಿ ಹಾರಿ ಲೋಕದಾದ್ಯಂತ ಇದ್ದ ಐಬಿಎಂ ಕಚೇರಿಗಳಲ್ಲಿ ಗಲಿಬಿಲಿ ಎಬ್ಬಿಸಿತು.

ವಿಶೇಷವೆಂದರೆ ಈ ಗರ್ಸ್ಟ್‌ನರ್ ಮೆಕಿನ್ಸಿಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಪಳಗಿದವರು. ಚಾರ್ಟು ಬರೆಯುವುದನ್ನೇ ಒಂದು ವಿದ್ಯೆಯಾಗಿ ಬೆಳೆಸಿದ ಸಲಹಾ ಸಂಸ್ಥೆ ಅದು. ಅವರು ಪ್ರೊಜೆಕ್ಟರ್ ಆರಿಸಿದ್ದು ಚಾರ್ಟಿನ ಮಹಿಮೆ ಗೊತ್ತಿಲ್ಲದೆ ಅಲ್ಲ, ಚೆನ್ನಾಗಿ ಗೊತ್ತಿದ್ದರಿಂದಲೇ ಇರಬೇಕು.

ಸಲಹೆಗಾರ ಮಾರುವ ಸರಕಿಗೆ ತೂಕವಿಲ್ಲ, ವಾಸನೆಯಿಲ್ಲ. ತಿಂಗಳುಗಟ್ಟಲೆ ಕೆಲಸ ನಡೆದು ಕೋಟಿಗಟ್ಟಲೆ ಬಿಲ್ ಆದ ಮೇಲೂ ಗ್ರಾಹಕನ ಕೈಗೆ ಸಿಗುವುದು ಒಂದು ಕಟ್ಟು ಕಾಗದ. ಹಾಗಾಗಿ ಆ ಕಾಗದವೇ ವಾದಿಸಬೇಕು, ಒಪ್ಪಿಸಬೇಕು, ಹಣ ಕೊಟ್ಟದ್ದು ಸಾರ್ಥಕ ಅನ್ನಿಸಬೇಕು. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಲೆಕ್ಕಶಾಸ್ತ್ರ ಕಲಿಸುತ್ತಿದ್ದ ಜೇಮ್ಸ್ ಮೆಕಿನ್ಸಿ 1926ರಲ್ಲಿ ಶುರುಮಾಡಿದ ಸಂಸ್ಥೆಗೆ ಇದು ಬೇಗನೆ ಅರ್ಥವಾಯಿತು. ಆದರೆ ವಾದ ಹೂಡುವ ಬಗೆಗೆ ಒಂದು ವ್ಯಾಕರಣ ಬರೆದುಕೊಟ್ಟವರು ಬಾರ್ಬರಾ ಮಿಂಟೊ.

ಮಿಂಟೊ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದಿದಾಗ ಅವರ ತರಗತಿಯಲ್ಲಿದ್ದ ಹೆಂಗಸರು ಬೆರಳೆಣಿಕೆಯಷ್ಟು. 1963ರಲ್ಲಿ ಮೆಕಿನ್ಸಿಯ ಕ್ಲೀವ್‌ಲ್ಯಾಂಡ್ ಕಚೇರಿ ಸೇರಿದರು. ಆ ಸಂಸ್ಥೆ ನೇಮಿಸಿಕೊಂಡ ಮೊದಲ ಎಂಬಿಎ ಮಹಿಳೆ. 1966ರಲ್ಲಿ ಅವರನ್ನು ಲಂಡನ್ನಿಗೆ ಕಳಿಸಲಾಯಿತು. ಯುರೋಪಿನಲ್ಲಿ ಹೊಸದಾಗಿ ಸೇರುತ್ತಿದ್ದ ಸಲಹೆಗಾರರ ಬರವಣಿಗೆ ತಿದ್ದುವುದು ಕೆಲಸ. ವರದಿಗಳನ್ನು ತಿದ್ದುತ್ತ ಹೋದ ಹಾಗೆ ಅವರಿಗೆ ಒಂದು ಸಂಗತಿ ಹೊಳೆಯಿತು: ಬರೆಯುವವರ ಇಂಗ್ಲಿಷಿನಲ್ಲಿ ಅಂಥ ತೊಂದರೆಯಿಲ್ಲ, ತೊಂದರೆ ಇರುವುದು ವಿಚಾರಗಳನ್ನು ಜೋಡಿಸಿದ ಕ್ರಮದಲ್ಲಿ. 1973ರಲ್ಲಿ ಕೆಲಸ ಬಿಟ್ಟು ಸ್ವಂತವಾಗಿ ಕಲಿಸತೊಡಗಿದ ಅವರ ‘ಪಿರಮಿಡ್ ಪ್ರಿನ್ಸಿಪಲ್’ ಇವತ್ತಿಗೂ ಸಲಹಾ ಸಂಸ್ಥೆಗಳಿಗೆ ಸೇರುವ ಹುಡುಗ ಹುಡುಗಿಯರಿಗೆ ಮೊದಲ ಪಾಠ.

ಪಾಠದ ತಿರುಳು ಸರಳ. ನಾವು ಒಂದು ವಿಷಯವನ್ನು ಶೋಧಿಸುವಾಗ ಕೆಳಗಿನಿಂದ ಮೇಲಕ್ಕೆ ಹೋಗುತ್ತೇವೆ: ಅಂಕಿಅಂಶ ಕೂಡಿಹಾಕುತ್ತೇವೆ, ಹೋಲಿಸುತ್ತೇವೆ, ಕೊನೆಗೊಂದು ತೀರ್ಮಾನ ಮುಟ್ಟುತ್ತೇವೆ. ಹೇಳುವಾಗಲೂ ಅದೇ ದಾರಿಯಲ್ಲಿ ಕೇಳುಗರನ್ನು ಎಳೆದುಕೊಂಡು ಹೋಗುವುದು ಎಲ್ಲರ ಅಭ್ಯಾಸ. ಮಿಂಟೊ ಇದನ್ನು ತಲೆಕೆಳಗು ಮಾಡಿದರು. ತೀರ್ಮಾನ ತುದಿಯಲ್ಲಿ, ಅದನ್ನು ಹೊರುವ ಮೂರೋ ನಾಲ್ಕೋ ಕಾರಣ ಅದರ ಕೆಳಗೆ, ಪ್ರತಿ ಕಾರಣದ ಕೆಳಗೆ ಅದರ ಪುರಾವೆ. ಉತ್ತರ ಮೊದಲೇ ಗೊತ್ತಾದರೆ ಕೇಳುಗನ ಮನಸ್ಸಿನಲ್ಲಿ ‘ಯಾಕೆ?’ ಎಂಬ ಒಂದೇ ಪ್ರಶ್ನೆ ಏಳುತ್ತದೆ. ಮುಂದಿನ ಸಾಲು ಅದಕ್ಕೆ ಉತ್ತರ ಕೊಡುತ್ತದೆ. ಗೊತ್ತಾಗದೆ ಹೋದರೆ ಮೂವತ್ತು ಸ್ಲೈಡುಗಳ ಉದ್ದಕ್ಕೂ ‘ಇವರು ಎಲ್ಲಿಗೆ ಕರೆದೊಯ್ಯುತ್ತಿದ್ದಾರೆ?’ ಎಂದು ತಡಕಾಡುತ್ತಲೇ ಇರುತ್ತಾನೆ. ಪತ್ತೇದಾರಿ ಕಾದಂಬರಿಗೆ ಅದು ಸರಿ, ಆಡಳಿತ ಮಂಡಳಿಯ ಸಭೆಗೆ ಅಲ್ಲ.

ಕಾರಣಗಳನ್ನು ವಿಂಗಡಿಸಲೂ ಮಿಂಟೊ ಒಂದು ಕಟ್ಟಳೆ ಹಾಕಿದರು: ಒಂದರೊಳಗೆ ಇನ್ನೊಂದು ನುಸುಳಬಾರದು, ಎಲ್ಲ ಸೇರಿದಾಗ ಏನೂ ಹೊರಗುಳಿಯಬಾರದು. ಲಾಭ ಇಳಿದಿದೆಯೇ? ಒಂದೋ ಆದಾಯ ಕಡಿಮೆಯಾಗಿದೆ, ಇಲ್ಲವೇ ಖರ್ಚು ಹೆಚ್ಚಿದೆ. ಆದಾಯ ಕಡಿಮೆಯಾಗಿದ್ದರೆ ಮಾರಿದ ಪ್ರಮಾಣ ಇಳಿದಿರಬೇಕು ಅಥವಾ ಬೆಲೆ ಇಳಿದಿರಬೇಕು. ಹೇಳಿದಾಗ ಇಷ್ಟೇನಾ ಅನ್ನಿಸುತ್ತದೆ. ‘ಸ್ಪರ್ಧೆ, ಮಾರುಕಟ್ಟೆ ಪರಿಸ್ಥಿತಿ, ಸಿಬ್ಬಂದಿ ಕೊರತೆ, ಜಿಎಸ್‌ಟಿ’ ಎಂದು ನಾಲ್ಕನ್ನೂ ಒಂದೇ ಪಟ್ಟಿಯಲ್ಲಿ ತುರುಕಿದ ವರದಿ ಓದಿದವರಿಗೆ ಈ ಕಟ್ಟಳೆಯ ಬೆಲೆ ತಿಳಿಯುತ್ತದೆ.

ಮಿಂಟೊ ವಾಕ್ಯಗಳನ್ನು ನೋಡಿಕೊಂಡರೆ ಚಿತ್ರಗಳನ್ನು ನೋಡಿಕೊಂಡವರು ಜೀನ್ ಜೆಲಾಜ್ನಿ. 1961ರಲ್ಲಿ ಮೆಕಿನ್ಸಿ ಸೇರಿ ದಶಕಗಳ ಕಾಲ ಅಲ್ಲಿನ ಚಾರ್ಟುಗಳನ್ನು ರೂಪಿಸಿದ ಅವರು, 1985ರಲ್ಲಿ ತಂದ ಪುಸ್ತಕದಲ್ಲಿ ಲೋಕದ ವ್ಯವಹಾರವನ್ನೆಲ್ಲ ಐದು ಬಗೆಯ ಹೋಲಿಕೆಗೆ ಇಳಿಸಿಬಿಟ್ಟರು: ಒಟ್ಟಿನಲ್ಲಿ ಯಾರ ಪಾಲು ಎಷ್ಟು, ಯಾರು ದೊಡ್ಡವರು ಯಾರು ಚಿಕ್ಕವರು, ಕಾಲಕ್ರಮೇಣ ಏನಾಯಿತು, ಯಾವ ಅಂತರದಲ್ಲಿ ಎಷ್ಟು ಬೀಳುತ್ತವೆ, ಒಂದಕ್ಕೂ ಇನ್ನೊಂದಕ್ಕೂ ನಂಟೇನು. ಪಾಲು ತೋರಿಸಲು ದುಂಡು ಚಾರ್ಟು, ಏರಿಳಿತಕ್ಕೆ ಗೆರೆ, ಹೀಗೆ. ಅಂಕಿಗಳನ್ನು ನೋಡಿ ಚಾರ್ಟು ಆರಿಸಬೇಡಿ, ಹೇಳಬೇಕಾದ ಮಾತನ್ನು ನೋಡಿ ಆರಿಸಿ ಎಂಬುದು ಅವರ ಒತ್ತಾಯವಾಗಿತ್ತು.

ಆ ಮಾತು ಚಾರ್ಟಿನ ನೆತ್ತಿಯ ಮೇಲೆ ಪೂರ್ಣ ವಾಕ್ಯವಾಗಿ ಕೂರಬೇಕು. ಸಲಹೆಗಾರರ ಸ್ಲೈಡನ್ನು ದೂರದಿಂದಲೇ ಗುರುತಿಸಬಹುದಾದ ಲಕ್ಷಣ ಇದೊಂದೇ. ‘ಪ್ರದೇಶವಾರು ಮಾರಾಟ’ ಎನ್ನುವುದು ತಲೆಬರಹವಲ್ಲ, ಕಡತದ ಮೇಲಿನ ಚೀಟಿ. ‘ಮಾರಾಟ ಕುಸಿದಿರುವುದು ಉತ್ತರದ ಜಿಲ್ಲೆಗಳಲ್ಲಿ ಮಾತ್ರ, ಅಲ್ಲಿ ಸರಕು ಅಂಗಡಿ ತಲುಪುತ್ತಿಲ್ಲ’ ಎಂದು ಬರೆದರೆ ಅದು ತಲೆಬರಹ. ಮೊದಲನೆಯದರ ಜೊತೆ ಯಾರೂ ಜಗಳವಾಡಲಾರರು. ಎರಡನೆಯದಕ್ಕೆ ಮಾರಾಟ ವಿಭಾಗದ ಮುಖ್ಯಸ್ಥ ಕುರ್ಚಿಯಿಂದ ಎದ್ದು ನಿಲ್ಲುತ್ತಾನೆ, ಸರಕು ಸಾಗಣೆಯವನು ಬೆವರುತ್ತಾನೆ. ಈ ಶೈಲಿಯ ನಿಜವಾದ ಗುಣ ಇರುವುದು ಇಲ್ಲಿ. ಬಣ್ಣ, ಅಂಚು, ಅಚ್ಚುಕಟ್ಟು ಎಲ್ಲ ಆಮೇಲೆ. ಅದು ಮಂಡಿಸುವವನನ್ನು ಒಂದು ನಿಲುವಿಗೆ ಕಟ್ಟಿಹಾಕುತ್ತದೆ. ತಪ್ಪಾಗಿದ್ದರೆ ತಪ್ಪೆಂದು ತೋರಿಸಲು ಎದುರಿಗಿದ್ದವನಿಗೆ ಜಾಗ ಕೊಡುತ್ತದೆ.

ಆ ಜಾಗ ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ 2003ರ ಜನವರಿಯ ಒಂದು ಸ್ಲೈಡ್ ಸಾಕ್ಷಿ.

ಆ ತಿಂಗಳ 16ರಂದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿಯನ್ನು ಹೊತ್ತ ಕೊಲಂಬಿಯಾ ನೌಕೆ ಮೇಲೇರಿತು. ಹೊರಟು ಒಂದೂವರೆ ನಿಮಿಷ ಕಳೆಯುವ ಮೊದಲೇ ಇಂಧನ ಟ್ಯಾಂಕಿನಿಂದ ಕಿತ್ತುಬಂದ ಗಟ್ಟಿ ನೊರೆಯ ತುಂಡೊಂದು ಎಡ ರೆಕ್ಕೆಗೆ ಬಡಿಯಿತು. ನೌಕೆ ಕಕ್ಷೆಯಲ್ಲಿ ಸುತ್ತುತ್ತಿದ್ದಾಗ ಕೆಳಗೆ ಬೋಯಿಂಗ್ ಎಂಜಿನಿಯರುಗಳು ಹಾನಿಯ ಅಂದಾಜು ಮಾಡಿ ನಾಸಾ ಅಧಿಕಾರಿಗಳಿಗೆ ಪವರ್‌ಪಾಯಿಂಟ್ ಪ್ರಸ್ತುತಿ ಕೊಟ್ಟರು. ದತ್ತಾಂಶ ಚಿತ್ರಣದ ವಿದ್ವಾಂಸ ಎಡ್ವರ್ಡ್ ಟಫ್ಟಿ ಮುಂದೆ ಅದರ ಒಂದು ಸ್ಲೈಡನ್ನು ಎಳೆಎಳೆಯಾಗಿ ಬಿಡಿಸಿ ತೋರಿಸಿದರು. ಅದರ ತಲೆಬರಹ ತೊಡಕು ಭಾಷೆಯಲ್ಲಿತ್ತು. ಓದಿದವರಿಗೆ ಹೊಳೆಯುವ ಅರ್ಥ ಇಷ್ಟು: ಪರೀಕ್ಷೆಯ ಫಲಿತಾಂಶ ನೋಡಿದರೆ ನಮ್ಮ ಲೆಕ್ಕ ಅಪಾಯವನ್ನು ಹೆಚ್ಚು ಮಾಡಿಯೇ ಹೇಳುತ್ತದೆ, ಗಾಬರಿ ಬೇಡ. ಅದರ ಕೆಳಗೆ ಬುಲೆಟ್, ಬುಲೆಟ್ಟಿನೊಳಗೆ ಬುಲೆಟ್, ಅಕ್ಷರ ಚಿಕ್ಕದಾಗುತ್ತ ಹೋಗಿ, ಕಟ್ಟಕಡೆಯ ಸಾಲಿನಲ್ಲಿ ಒಂದು ಅಂಕಿ. ಪರೀಕ್ಷೆಗೆ ಬಳಸಿದ್ದ ತುಂಡು 3 ಘನ ಇಂಚು. ಟ್ಯಾಂಕಿನಿಂದ ಕಿತ್ತುಬಂದದ್ದರ ಅಂದಾಜು 1,920 ಘನ ಇಂಚು.

640 ಪಟ್ಟು. ಅಂದರೆ ಕೈಲಿದ್ದ ಪರೀಕ್ಷೆಗೂ ನಡೆದ ಘಟನೆಗೂ ಸಂಬಂಧವೇ ಇರಲಿಲ್ಲ.

ಇದೇ ಸ್ಲೈಡನ್ನು ಮಿಂಟೊ ಬಳಿ ಕಲಿತ ಒಬ್ಬ ಸಾಧಾರಣ ಸಲಹೆಗಾರ ಬರೆದಿದ್ದರೆ ಹೇಗಿರುತ್ತಿತ್ತು? ತಲೆಬರಹ: ‘ಬಡಿದ ತುಂಡು ನಾವು ಪರೀಕ್ಷಿಸಿದ್ದಕ್ಕಿಂತ 640 ಪಟ್ಟು ದೊಡ್ಡದು; ರೆಕ್ಕೆ ಸುರಕ್ಷಿತ ಎನ್ನಲು ನಮ್ಮಲ್ಲಿ ಆಧಾರವಿಲ್ಲ.’ ಕೆಳಗೆ ಎರಡು ಕಡ್ಡಿಗಳ ಒಂದು ಚಾರ್ಟು. ಒಂದು ಕಣ್ಣಿಗೆ ಕಾಣದಷ್ಟು ಗಿಡ್ಡ, ಇನ್ನೊಂದು ಪರದೆಯ ಎತ್ತರ. ಅದರಡಿ ಮುಂದಿನ ಹೆಜ್ಜೆ: ರಕ್ಷಣಾ ಇಲಾಖೆಯ ಉಪಗ್ರಹದಿಂದ ರೆಕ್ಕೆಯ ಚಿತ್ರ ತೆಗೆಸಿ. ಎಂಜಿನಿಯರುಗಳು ಆ ಚಿತ್ರಗಳನ್ನು ಕೇಳಿದ್ದರು, ಆದರೆ ಮೇಲಿನವರು ಅದನ್ನು ಮುಂದುವರಿಸಲಿಲ್ಲ. ಫೆಬ್ರುವರಿ 1ರಂದು ವಾತಾವರಣಕ್ಕೆ ಮರಳುವಾಗ ನೌಕೆ ಚೂರಾಯಿತು. ಒಂದು ಸ್ಲೈಡೇ ಇದಕ್ಕೆ ಕಾರಣ ಎಂದರೆ ಅತಿಯಾದೀತು. ಆದರೆ ತನಿಖಾ ಮಂಡಳಿ ತಾಂತ್ರಿಕ ವರದಿಗಳ ಬದಲು ಪವರ್‌ಪಾಯಿಂಟ್ ಹಾಳೆಗಳನ್ನೇ ನೆಚ್ಚಿಕೊಂಡ ನಾಸಾದ ಚಾಳಿಯನ್ನು ತನ್ನ ವರದಿಯಲ್ಲಿ ಹೆಸರಿಟ್ಟೇ ಟೀಕಿಸಿತು.

ಪವರ್‌ಪಾಯಿಂಟನ್ನು ಶಪಿಸುವವರು ಅದರ ಹುಟ್ಟನ್ನು ಮರೆಯುತ್ತಾರೆ. ಕ್ಯಾಲಿಫೋರ್ನಿಯಾದ ಫೋರ್‌ಥಾಟ್ ಎಂಬ ಸಣ್ಣ ಕಂಪನಿಯಲ್ಲಿ ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಡೆನಿಸ್ ಆಸ್ಟಿನ್ ಅದನ್ನು ರೂಪಿಸಿದ್ದು ಪಾರದರ್ಶಕ ಹಾಳೆಗಳನ್ನು ಸುಲಭವಾಗಿ ತಯಾರಿಸಲು. 1987ರ ಏಪ್ರಿಲ್‌ನಲ್ಲಿ ಮೊದಲ ಆವೃತ್ತಿ ಮ್ಯಾಕಿಂತೋಷ್‌ಗೆ ಕಪ್ಪುಬಿಳುಪಿನಲ್ಲಿ ಬಂತು. ಕೆಲವೇ ತಿಂಗಳಲ್ಲಿ ಮೈಕ್ರೊಸಾಫ್ಟ್ 1.4 ಕೋಟಿ ಡಾಲರಿಗೆ ಕಂಪನಿಯನ್ನೇ ಕೊಂಡಿತು. ಅದಕ್ಕೆ ಮೊದಲು ಒಂದು ಚಾರ್ಟು ಮಾಡಿಸಬೇಕೆಂದರೆ ಕಲಾವಿದರ ಬಳಿ ಹೋಗಬೇಕಿತ್ತು, ಕಾಯಬೇಕಿತ್ತು, ಹಣ ತೆರಬೇಕಿತ್ತು. ಆ ತೊಡಕಿನಲ್ಲೂ ಒಂದು ಲಾಭವಿತ್ತು: ಹಾಳೆ ದುಬಾರಿಯಾದ್ದರಿಂದ ಜನ ಮೊದಲು ಯೋಚಿಸುತ್ತಿದ್ದರು. ಇವತ್ತು ಸ್ಲೈಡಿಗೆ ಕಾಸಿನ ಖರ್ಚಿಲ್ಲ. ಬರ್ಲಿನ್ನಿನ ಥಿಂಕ್‌ಸೆಲ್ ಎಂಬ ಕಂಪನಿ 2002ರಿಂದ ಸಲಹೆಗಾರರ ಚಾರ್ಟುಗಳನ್ನು ಕ್ಷಣದಲ್ಲಿ ಬಿಡಿಸಿಕೊಡುವ ತಂತ್ರಾಂಶವನ್ನೇ ಮಾರಿ ಬೆಳೆದಿದೆ.

ಪಳಗಿದ ತಂಡಗಳು ಆದ್ದರಿಂದ ಕಂಪ್ಯೂಟರನ್ನು ತಡವಾಗಿ ಮುಟ್ಟುತ್ತವೆ. ಮೊದಲು ಬಿಳಿ ಹಾಳೆಯಲ್ಲಿ ಪೆನ್ಸಿಲಿನಿಂದ ಚೌಕ ಬರೆದು, ಪ್ರತಿ ಚೌಕದ ಮೇಲೆ ಒಂದು ವಾಕ್ಯ ಬರೆಯುತ್ತಾರೆ. ಒಳಗೆ ಬರಬೇಕಾದ ಚಾರ್ಟಿನ ಒರಟು ಗುರುತು ಅಷ್ಟೇ. ಇದಕ್ಕೆ ‘ಘೋಸ್ಟ್ ಡೆಕ್’ ಎನ್ನುತ್ತಾರೆ. ಅಂಕಿಅಂಶ ಇನ್ನೂ ಕೈಗೆ ಬಂದಿರುವುದಿಲ್ಲ, ಊಹೆ ಮಾತ್ರ. ಊಹೆ ಸುಳ್ಳಾದರೆ ವಾಕ್ಯ ಬದಲಾಗಬೇಕು, ಅಂಕಿ ಅಲ್ಲ. ಈ ನಿಯಮ ಮುರಿಯುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಇನ್ನೊಂದು ಪರೀಕ್ಷೆಯೂ ಇದೆ: ಬರೀ ತಲೆಬರಹಗಳನ್ನು ಒಂದರ ಕೆಳಗೊಂದು ಓದಿದರೆ ಕಥೆ ಓಡಬೇಕು. ಆಮೇಲೆ ಮ್ಯಾನೇಜರ್ ಪ್ರತಿ ಹಾಳೆ ಹಿಡಿದು ಕೇಳುವ ಪ್ರಶ್ನೆ ಒಂದೇ: ‘ಸರಿ, ಅದಕ್ಕೇನೀಗ?’ ಉತ್ತರವಿಲ್ಲದ ಹಾಳೆ, ಎಷ್ಟೇ ಚೆಂದವಿದ್ದರೂ, ಹಿಂದಿನ ಅನುಬಂಧಕ್ಕೆ ಸರಿಯುತ್ತದೆ. ರಾತ್ರಿಯಿಡೀ ಕೂತು ಮಾಡಿದ ಹುಡುಗನ ಮುಖ ಆಗ ನೋಡಬೇಕು.

ಒಪ್ಪಿಸುವ ಕೆಲಸದ ಬಹುಪಾಲು ಮಾತ್ರ ಪರದೆಯ ಮೇಲೆ ನಡೆಯುವುದೇ ಇಲ್ಲ. 1999ರಲ್ಲಿ ಮೆಕಿನ್ಸಿಯ ಒಳಗುಟ್ಟುಗಳ ಬಗ್ಗೆ ಪುಸ್ತಕ ಬರೆದ ಈಥನ್ ರೇಸಿಯಲ್ ‘ಪ್ರೀವೈರಿಂಗ್’ ಎಂಬ ಪದ್ಧತಿಯನ್ನು ವಿವರಿಸುತ್ತಾರೆ. ಸಭೆಗೆ ಮುಂಚೆ ಮುಖ್ಯ ವ್ಯಕ್ತಿಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಕಂಡು, ಹೇಳಲಿರುವುದನ್ನು ತೋರಿಸಿ, ಆಕ್ಷೇಪ ಕೇಳಿ, ತಿದ್ದಿಕೊಂಡು ಬರುವುದು. ನಮ್ಮ ಕಡೆ ಮದುವೆ ಮಾತುಕತೆಯ ದಿನ ಹಿರಿಯರು ಚಾಪೆಯ ಮೇಲೆ ಗಂಭೀರವಾಗಿ ಕೂತು ಹೊಸದಾಗಿ ಮಾತಾಡಿದಂತೆ ಕಂಡರೂ, ಎಲ್ಲವನ್ನೂ ನಡುವಿನವರು ವಾರದ ಹಿಂದೆಯೇ ಬಗೆಹರಿಸಿರುತ್ತಾರಲ್ಲ, ಹಾಗೆ. ಸಭೆಯಲ್ಲಿ ಅಚ್ಚರಿ ಇರಬಾರದು.

ಆದರೆ ಯಾರನ್ನು ಮೊದಲು ಕಂಡರು, ಯಾರನ್ನು ಕಾಣಲಿಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ನೆರೆಯ ಆಂಧ್ರಪ್ರದೇಶದಲ್ಲಿ ಚಂದ್ರಬಾಬು ನಾಯ್ಡು ಮೆಕಿನ್ಸಿಯ ನೆರವಿನಿಂದ 1999ರಲ್ಲಿ ‘ವಿಷನ್ 2020’ ಹೊರತಂದರು. ಕೃಷಿಯನ್ನು ನೆಚ್ಚಿದವರ ಪ್ರಮಾಣ ಇಳಿಸಿ ಕೈಗಾರಿಕೆ, ಸೇವೆ, ಮಾಹಿತಿ ತಂತ್ರಜ್ಞಾನದತ್ತ ರಾಜ್ಯವನ್ನು ಒಯ್ಯುವ ನಕ್ಷೆ ಅದು. ಹೂಡಿಕೆದಾರರು, ವಿಶ್ವಬ್ಯಾಂಕಿನವರು, ಪತ್ರಿಕೆಗಳು ತಲೆದೂಗಿದವು. 2004ರ ಚುನಾವಣೆಯಲ್ಲಿ ಅವರ ಪಕ್ಷ ಹೀನಾಯವಾಗಿ ಸೋತಿತು. ಬರ, ರೈತರ ಆತ್ಮಹತ್ಯೆ, ಮೈತ್ರಿ ಲೆಕ್ಕಾಚಾರ ಎಂದು ಸೋಲಿಗೆ ಹಲವು ಕಾರಣ ಹೇಳುತ್ತಾರೆ. ಯಾವ ರೈತನ ಬದುಕನ್ನು ಆ ನಕ್ಷೆ ತಿರುಗಿಸಹೊರಟಿತ್ತೋ ಅವನನ್ನು ಒಪ್ಪಿಸುವ ಸ್ಲೈಡ್ ಮಾತ್ರ ಅದರಲ್ಲಿ ಇದ್ದಂತಿಲ್ಲ.

ಅದೇ 1999ರಲ್ಲಿ ಬೆಂಗಳೂರಿನ ಭವಿಷ್ಯಕ್ಕೆ ಸಂಬಂಧಿಸಿದ ಇನ್ನೊಂದು ಅಂಕಿ ಹುಟ್ಟಿತು. ನಾಸ್ಕಾಂ ಮತ್ತು ಮೆಕಿನ್ಸಿ ಸೇರಿ ತಂದ ವರದಿ, 2008ಕ್ಕೆ ಭಾರತದ ಮಾಹಿತಿ ತಂತ್ರಜ್ಞಾನ ರಫ್ತು 50 ಶತಕೋಟಿ ಡಾಲರ್ ಮುಟ್ಟಬಲ್ಲದು ಎಂದಿತು. ಆಗ ಅದು ಐದು ಶತಕೋಟಿಯನ್ನೂ ದಾಟಿರಲಿಲ್ಲ. ಕೊನೆಗೆ ಲೆಕ್ಕ ನಿಂತದ್ದು ಸುಮಾರು 40ರಲ್ಲಿ. ಮುನ್ಸೂಚನೆ ತಪ್ಪಿತು ಎನ್ನಬಹುದು, ಆದರೆ ಒಂಬತ್ತು ವರ್ಷ ಮಂತ್ರಿಗಳು, ಬ್ಯಾಂಕಿನವರು, ಎಂಜಿನಿಯರಿಂಗ್ ಕಾಲೇಜು ತೆರೆಯಹೊರಟವರು ಎಲ್ಲರ ಬಾಯಲ್ಲೂ ಆ ‘50’ ಓಡಾಡಿತು. ನೂರಾರು ಪುಟದ ವರದಿಯಲ್ಲಿ ಜನ ನೆನಪಿಟ್ಟುಕೊಂಡದ್ದು ಅದೊಂದನ್ನೇ. ತಲೆಬರಹಕ್ಕೆ ಏರಿದ ಅಂಕಿಯ ಬಲ ಅಂಥದ್ದು.

ಬೆಂಗಳೂರು ಅದೇ ಹೊತ್ತಿನಲ್ಲಿ ಒಂದು ಅಪರೂಪದ ಪ್ರಯೋಗವನ್ನೂ ಕಂಡಿತು. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾದ ಮೇಲೆ ನಂದನ್ ನಿಲೇಕಣಿ ನೇತೃತ್ವದಲ್ಲಿ ರಚಿಸಿದ ‘ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್’ ಆರು ತಿಂಗಳಿಗೊಮ್ಮೆ ಸಮಾವೇಶ ನಡೆಸುತ್ತಿತ್ತು. ಮಹಾನಗರ ಪಾಲಿಕೆ, ಬಿಡಿಎ, ಜಲಮಂಡಳಿ, ಬಿಎಂಟಿಸಿ, ಪೊಲೀಸ್ ಇಲಾಖೆಯ ಮುಖ್ಯಸ್ಥರು ಮುಖ್ಯಮಂತ್ರಿಯ ಸಮ್ಮುಖದಲ್ಲಿ, ನಾಗರಿಕರ ಎದುರು, ಪರದೆಯ ಪಕ್ಕ ನಿಂತು ಏನು ಮಾಡುತ್ತೇವೆಂದು ಹೇಳಬೇಕು. ಮುಂದಿನ ಸಮಾವೇಶದಲ್ಲಿ ಏನಾಯಿತೆಂದು ಒಪ್ಪಿಸಬೇಕು. ಚುನಾಯಿತ ಪಾಲಿಕೆ ಸದಸ್ಯರನ್ನು ಬದಿಗಿಟ್ಟು ಉದ್ಯಮಿಗಳು ನಗರ ನಡೆಸುತ್ತಿದ್ದಾರೆಂಬ ಟೀಕೆ ಬಂತು, ಅದರಲ್ಲಿ ಹುರುಳೂ ಇತ್ತು. 2004ರಲ್ಲಿ ಸರ್ಕಾರ ಬದಲಾದ ಮೇಲೆ ಕಾರ್ಯಪಡೆ ತಣ್ಣಗಾಯಿತು. ಆದರೂ ಸರ್ಕಾರಿ ಅಧಿಕಾರಿಯೊಬ್ಬ ಹೇಳಿದ ವಾಕ್ಯವನ್ನು ಆರು ತಿಂಗಳ ನಂತರ ಅವನ ಮುಂದೆಯೇ ಹಿಡಿಯುವ ಏರ್ಪಾಡು ಈ ಊರಿನಲ್ಲಿ ಆಮೇಲೆ ಹೆಚ್ಚು ಕಂಡಿಲ್ಲ.

ಅಚ್ಚುಕಟ್ಟಿನ ಕರಾಳ ಮುಖವನ್ನೂ ನೋಡಬೇಕು. ಆಕ್ಸಿಕಾಂಟಿನ್ ಎಂಬ ಚಟ ಹಿಡಿಸುವ ನೋವಿನ ಮಾತ್ರೆ ತಯಾರಿಸುತ್ತಿದ್ದ ಅಮೆರಿಕದ ಪರ್ಡ್ಯೂ ಫಾರ್ಮಾ ಕಂಪನಿಗೆ ಮೆಕಿನ್ಸಿ ಸಲಹೆ ಕೊಡುತ್ತಿತ್ತು. 2017ರ ಅದರ ಸ್ಲೈಡುಗಳು ನ್ಯಾಯಾಲಯದ ದಾಖಲೆಗಳ ಮೂಲಕ 2020ರಲ್ಲಿ ಬೆಳಕಿಗೆ ಬಂದವು. ಮಾರಾಟ ಉಳಿಸಿಕೊಳ್ಳಲು ಮುಂದಿಟ್ಟ ಆಯ್ಕೆಗಳಲ್ಲಿ ಒಂದು: ಮಾತ್ರೆ ಹಂಚುವ ಕಂಪನಿಗಳಿಗೆ, ಅವುಗಳ ಗ್ರಾಹಕರು ಅತಿಸೇವನೆಗೆ ತುತ್ತಾದಾಗಲೆಲ್ಲ ರಿಯಾಯಿತಿ ಕೊಡುವುದು. ಪ್ರತಿ ಪ್ರಕರಣಕ್ಕೆ 14,810 ಡಾಲರ್ ಎಂಬ ಅಂದಾಜೂ ಇತ್ತು. ಎಷ್ಟು ಜನ ತುತ್ತಾಗಬಹುದು, ಒಟ್ಟು ಖರ್ಚೆಷ್ಟು ಎಂದು ಲೆಕ್ಕ ನೀಟಾಗಿತ್ತು. ಒಪಿಯಾಯ್ಡ್ ಪ್ರಕರಣಗಳಲ್ಲಿ ಮೆಕಿನ್ಸಿ 2021ರಲ್ಲಿ ಅಮೆರಿಕದ ರಾಜ್ಯಗಳಿಗೆ 57.3 ಕೋಟಿ ಡಾಲರ್, 2024ರಲ್ಲಿ ಕೇಂದ್ರ ಸರ್ಕಾರಕ್ಕೆ 65 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು. ಮನುಷ್ಯರ ಸಾವುನೋವು ಚೌಕದೊಳಗಿನ ಅಂಕಿಯಾದಾಗ ಕೋಣೆಯಲ್ಲಿ ಕೂತವರಿಗೆ ಅದು ಇನ್ನೊಂದು ವೆಚ್ಚದ ಬಾಬತ್ತಾಗಿ ಕಂಡಿರಬೇಕು.

ಅಮೆಜಾನಿನ ಜೆಫ್ ಬೆಜೋಸ್ 2004ರ ಜೂನ್‌ನಲ್ಲಿ ಹಿರಿಯ ಅಧಿಕಾರಿಗಳ ಸಭೆಗಳಿಂದ ಪವರ್‌ಪಾಯಿಂಟನ್ನೇ ಹೊರಹಾಕಿದರು. ಬದಲಿಗೆ ಆರು ಪುಟದ ಗದ್ಯ ಟಿಪ್ಪಣಿ. ಸಭೆಯ ಮೊದಲ ಹೊತ್ತು ಎಲ್ಲರೂ ಬಾಯಿ ಮುಚ್ಚಿ ಅದನ್ನು ಓದಬೇಕು. ಬುಲೆಟ್ಟುಗಳ ಸಂದಿಯಲ್ಲಿ ಅಡಗುವ ಪೊಳ್ಳುತನ ವಾಕ್ಯ ವಾಕ್ಯಕ್ಕೆ ಕೊಂಡಿ ಹಾಕುವಾಗ ಬಯಲಾಗುತ್ತದೆ ಎಂಬುದು ಅವರ ತರ್ಕ. ಸಲಹೆಗಾರರ ಶೈಲಿಗೆ ಇದು ಪೆಟ್ಟು ಎಂದು ಹಲವರು ಬಗೆದರು. ಆದರೆ ಮಿಂಟೊ ಕಲಿಸಲು ಹೊರಟದ್ದು ಸ್ಲೈಡನ್ನಲ್ಲ, ಬರವಣಿಗೆಯನ್ನು. ಬೆಜೋಸ್ ಅಪ್ಪಣೆ ಒಂದು ಲೆಕ್ಕದಲ್ಲಿ ಅವರ ಲಂಡನ್ನಿನ ಮೇಜಿಗೆ ವಾಪಸಾದಂತೆ.

ಇಷ್ಟೆಲ್ಲ ಸ್ಲೈಡುಗಳನ್ನು ಬಿಡಿಸುವ ಕೈಗಳಲ್ಲಿ ಎಷ್ಟೋ ಈಗ ನಮ್ಮ ದೇಶದವು. ಯುರೋಪಿನ ಸಲಹೆಗಾರ ಸಂಜೆ ಹಾಳೆಯ ಮೇಲೆ ಗೀಚಿ ಸ್ಕ್ಯಾನ್ ಮಾಡಿ ಕಳಿಸಿದ್ದು ಬೆಳಗಾಗುವಷ್ಟರಲ್ಲಿ ಚೆನ್ನೈನಿಂದಲೋ ಗುರುಗ್ರಾಮದಿಂದಲೋ ಅಚ್ಚುಕಟ್ಟಾದ ಡೆಕ್ ಆಗಿ ಮರಳುವ ಏರ್ಪಾಡು ಹಲವು ಸಂಸ್ಥೆಗಳಲ್ಲಿದೆ. ಆ ಕೆಲಸಕ್ಕೆ ಈಗ ಕೃತಕ ಬುದ್ಧಿಮತ್ತೆ ಕೈಹಾಕಿದೆ. ಮೆಕಿನ್ಸಿ 2023ರಲ್ಲಿ ‘ಲಿಲ್ಲಿ’ ಎಂಬ ತನ್ನದೇ ಸಾಧನವನ್ನು ಸಿಬ್ಬಂದಿಗೆ ಕೊಟ್ಟಿತು. ತುದಿಯ ವಾಕ್ಯ, ಅದರಡಿ ಮೂರು ಕಾರಣ, ಅದರಡಿ ಅಡಿಟಿಪ್ಪಣಿ: ಈ ಆಕಾರವನ್ನು ಯಂತ್ರ ಚೆನ್ನಾಗಿಯೇ ಕಲಿತಿದೆ.

2025ರಲ್ಲಿ ಆಸ್ಟ್ರೇಲಿಯಾದ ಉದ್ಯೋಗ ಇಲಾಖೆಗೆ ಸಲಹಾ ಸಂಸ್ಥೆ ಡೆಲಾಯ್ಟ್ ಕೊಟ್ಟ, ಸುಮಾರು 4.4 ಲಕ್ಷ ಆಸ್ಟ್ರೇಲಿಯನ್ ಡಾಲರ್ ಬೆಲೆಯ ವರದಿಯ ಅಡಿಟಿಪ್ಪಣಿಗಳನ್ನು ಸಿಡ್ನಿಯ ಸಂಶೋಧಕರೊಬ್ಬರು ಕೂತು ಪರಿಶೀಲಿಸಿದರು. ಉಲ್ಲೇಖಿಸಿದ್ದ ಕೆಲವು ಪ್ರಬಂಧಗಳು ಲೋಕದಲ್ಲಿ ಎಲ್ಲೂ ಇರಲಿಲ್ಲ. ನ್ಯಾಯಾಲಯದ ತೀರ್ಪಿನದೆಂದು ಕೊಟ್ಟಿದ್ದ ಮಾತೂ ಹುಟ್ಟುಹಾಕಿದ್ದು. ಕೃತಕ ಬುದ್ಧಿಮತ್ತೆ ಬಳಸಿದ್ದನ್ನು ಒಪ್ಪಿಕೊಂಡ ಕಂಪನಿ ಹಣದ ಒಂದು ಭಾಗ ಹಿಂದಿರುಗಿಸಿತು. ಇಲ್ಲದ ಆಧಾರಗಳನ್ನು ತೆಗೆದುಹಾಕಿ ವರದಿಯನ್ನು ಮತ್ತೆ ಪ್ರಕಟಿಸಲಾಯಿತು. ಶಿಫಾರಸುಗಳಲ್ಲಿ ಯಾವ ಬದಲಾವಣೆಯೂ ಇಲ್ಲ ಎಂದು ಇಲಾಖೆ ತಿಳಿಸಿತು.